ಹೊಟ್ಟೆ ಮೊದಲೋ, ತಟ್ಟೆ ಮೊದಲೋ?

ಕಳೆದ ಭಾನುವಾರ ಮಗಳ ಶಾಲೆಯ ಚಾರ್ಟಿಗೆ ನಮ್ಮ ಆಕಾಶಗಂಗೆಯನ್ನು ಪಕ್ಕದಿಂದ ನೋಡಿದ ಹಾಗೆ ಬರೆಯುತ್ತಿದ್ದೆವು. ತೆಳ್ಳಗಿನ ತಟ್ಟೆ, ನಡುವೆ ದುಂಡಗಿನ ಉಬ್ಬು. "ಅಪ್ಪಾ, ಮೊದಲು ಬಂದಿದ್ದು ಹೊಟ್ಟೆನೋ ತಟ್ಟೆನೋ?" ಅಂದಳು. ಎಂದೋ ಓದಿದ ನೆನಪಿನಲ್ಲಿ "ಹೊಟ್ಟೆ" ಅಂದುಬಿಟ್ಟೆ. ರಾತ್ರಿ ಅನುಮಾನ ಬಂದು ಓದುತ್ತಾ ಕೂತರೆ, ನಾನು ಹೇಳಿದ್ದು ಬೇರೆ ಗ್ಯಾಲಕ್ಸಿಗಳಿಗೆ ಸರಿ, ನಮ್ಮದಕ್ಕೆ ತಪ್ಪು!

ನಾನು ಓದಿದ್ದ ಕಥೆ ಇದು: ವಿಶ್ವದ ಎಳೆಯ ದಿನಗಳಲ್ಲಿ ಗ್ಯಾಲಕ್ಸಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಬೆರೆತವು. ಸಾಲಾಗಿ ಸುತ್ತುತ್ತಿದ್ದ ನಕ್ಷತ್ರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ದುಂಡಗಿನ ಗುಂಪಾದವು. ಆಮೇಲೆ ಅನಿಲ ಇಳಿದು ಸುತ್ತ ತಟ್ಟೆ ಬೆಳೆಯಿತು.

ನಮ್ಮ ಆಕಾಶಗಂಗೆಯ ಕೇಂದ್ರ ಇಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ, ನಡುವೆ ದಟ್ಟ ಧೂಳು. 1990ರ ದಶಕದಲ್ಲಿ ಕೋಬೆ ಉಪಗ್ರಹ ಅವಕೆಂಪು ಬೆಳಕಿನಲ್ಲಿ ಆ ಧೂಳನ್ನು ದಾಟಿ ನೋಡಿದಾಗ ಕಂಡ ಉಬ್ಬು ದುಂಡಗಿರಲಿಲ್ಲ, ಡಬ್ಬಿಯಂತಿತ್ತು. ಮುಂದೆ ನಕ್ಷತ್ರಗಳನ್ನು ಎಣಿಸಿ ನಕ್ಷೆ ಮಾಡಿದರೆ ಥೇಟ್ ಕಡಲೆಕಾಯಿ. (ನಮ್ಮ ಹುಬ್ಬಳ್ಳಿ ಗೆಳೆಯರು ಶೇಂಗಾ ಅಂತ ಓದಿಕೊಳ್ಳಿ.)

ಡಿಕ್ಕಿಯಿಂದ ಈ ಆಕಾರ ಬರುವುದಿಲ್ಲ. ತಟ್ಟೆಯ ನಕ್ಷತ್ರಗಳೇ ನಡುವೆ ಉದ್ದನೆಯ ದಂಡದಂತೆ ಸೇರುತ್ತವೆ. ಕಾಲ ಕಳೆದಂತೆ ಆ ದಂಡ ಮೇಲಕ್ಕೂ ಕೆಳಕ್ಕೂ ಬಾಗಿ ದಪ್ಪಗಾಗುತ್ತದೆ. ಹೊರಗಿನ ಅನಿಲವನ್ನೂ ಕೇಂದ್ರದತ್ತ ತಳ್ಳುತ್ತದೆ. ಅಂದರೆ ತಟ್ಟೆ ಮೊದಲು, ಹೊಟ್ಟೆ ಆಮೇಲೆ. ಮೂವತ್ತು ದಾಟಿದ ಮೇಲೆ ಕುರ್ಚಿಯಲ್ಲಿ ಕೂತೇ ಬೆಳೆಸಿದ ನನ್ನ ಹೊಟ್ಟೆಯ ಹಾಗೆ.

ನನ್ನನ್ನು ಗೊಂದಲಕ್ಕೆ ತಳ್ಳಿದ್ದು ನಕ್ಷತ್ರಗಳ ವಯಸ್ಸು. ಉಬ್ಬಿನಲ್ಲಿರುವ ಬಹುಪಾಲು ನಕ್ಷತ್ರಗಳಿಗೆ ಸುಮಾರು 1,000 ಕೋಟಿ ವರ್ಷ. ಹಾಗಾದರೆ ಉಬ್ಬೂ ಅಷ್ಟೇ ಹಳೆಯದಲ್ಲವೇ? ಇಲ್ಲ. ಹಳೇ ಮನೆಯ ತೊಲೆ, ಕಂಬ ತಂದು ಹೊಸ ಮನೆ ಕಟ್ಟುವುದಿಲ್ಲವೇ, ಹಾಗೆ.

ನಮ್ಮದೊಂದೇ ಹೀಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2010ರಲ್ಲಿ ಜಾನ್ ಕಾರ್ಮೆಂಡಿ ಮತ್ತು ಸಂಗಡಿಗರು ನಮ್ಮಿಂದ ಸುಮಾರು 2.6 ಕೋಟಿ ಜ್ಯೋತಿರ್ವರ್ಷದೊಳಗಿನ 19 ದೊಡ್ಡ ಗ್ಯಾಲಕ್ಸಿಗಳನ್ನು ಪರಿಶೀಲಿಸಿದರು. ಕನಿಷ್ಠ 11ರಲ್ಲಿ ಡಿಕ್ಕಿಯಿಂದಾದ ಉಬ್ಬಿನ ಸುಳಿವೇ ಇಲ್ಲ. ಚಿಕ್ಕವು ಬೆರೆತು ಬೆರೆತು ದೊಡ್ಡ ಗ್ಯಾಲಕ್ಸಿ ಆಗುತ್ತದೆ ಎಂಬುದು ಒಪ್ಪಿತ ಸಿದ್ಧಾಂತ. ಹಾಗಿದ್ದರೆ ಇಷ್ಟೊಂದು ಗ್ಯಾಲಕ್ಸಿಗಳು ದೊಡ್ಡ ಪೆಟ್ಟು ತಿನ್ನದೆ ಬೆಳೆದದ್ದು ಹೇಗೆ? ಆ ಪ್ರಶ್ನೆಯಿನ್ನೂ ಬಗೆಹರಿದಿಲ್ಲ. ಜೇಮ್ಸ್ ವೆಬ್ ದೂರದರ್ಶಕವಂತೂ ಸುಮಾರು 1,100 ಕೋಟಿ ವರ್ಷಗಳ ಹಿಂದಿನ ಗ್ಯಾಲಕ್ಸಿಯಲ್ಲೇ ದಂಡ ಕಂಡಿದೆ.

ಬೆಳಿಗ್ಗೆ ತಪ್ಪೊಪ್ಪಿಕೊಂಡೆ. ಮಗಳು ದುಂಡು ಹೊಟ್ಟೆ ಅಳಿಸಿ ಕಡಲೆಕಾಯಿ ಬರೆದಳು. "ಬುಕ್ಕಲ್ಲಿ ಹಿಂಗಿಲ್ಲ ಅಂತ ಮಿಸ್ ಮಾರ್ಕ್ಸ್ ಕಟ್ ಮಾಡಿದ್ರೆ ನೀನೇ ಬಂದು ಮಾತಾಡ್ಬೇಕು" ಅಂದಿದ್ದಾಳೆ. ಪೇರೆಂಟ್ಸ್ ಮೀಟಿಂಗ್ ಶನಿವಾರ.