ಹಿತ್ತಲ ಸೂರ್ಯಪಾನ



ಸಮಾರಂಭವೊಂದು ಮುಗಿದ ಮರುದಿನ ಮುಂಜಾನೆ ವೇದಿಕೆಯನ್ನು ಗುಡಿಸಿದವರಿಗೆ ಮಾತ್ರ ತಿಳಿಯುವ ಸಂಗತಿಯೊಂದಿದೆ. ಅತಿಥಿಗಳಿಗೆ ಅರ್ಪಿಸಿದ ಹೂಗುಚ್ಛಗಳು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು, ಹೊಳೆಯುವ ಪಟ್ಟಿ ಕಟ್ಟಿಕೊಂಡು, ವೇದಿಕೆಯ ಹಿಂಬದಿಯಲ್ಲಿ ರಾಶಿಯಾಗಿ ಬಿದ್ದಿರುತ್ತವೆ. ಕೈಯಿಂದ ಕೈಗೆ ದಾಟಿ, ಒಂದು ಛಾಯಾಚಿತ್ರ ತೆಗೆಯುವಷ್ಟು ಹೊತ್ತು ಬಾಳಿ, ಅವು ಕಸವಾಗುತ್ತವೆ. ಹೂಗಾರ ಮಾದಯ್ಯನಂತಹ ಶರಣರು ಹೂವಿನ ಕಾಯಕವನ್ನೇ ಪೂಜೆಯೆಂದು ನಡೆಸಿದ ಪರಂಪರೆ ನಮ್ಮದು. ಆ ರಾಶಿಯನ್ನು ಬುಟ್ಟಿಗೆ ತುಂಬುವಾಗ ನನಗೆ ನಾಚಿಕೆಯೆನಿಸಿತು. ನಮ್ಮ ಮನೆಯ ಕಾರ್ಯಕ್ಕಾದರೂ ಹಿತ್ತಲಲ್ಲಿ ಬೆಳೆದ ಹೂವನ್ನೇ ಕೊಡಬೇಕೆಂಬ ಹಟ ಹುಟ್ಟಿದ್ದು ಅಂದೇ.

ಯಾವ ಹೂವೆಂದು ಯೋಚಿಸಬೇಕಾಗಿ ಬರಲಿಲ್ಲ. ನಮ್ಮದು ಎರೆಭೂಮಿ. ಕುಸುಬಿ, ಜೋಳಗಳ ಜೊತೆಗೆ ಸೂರ್ಯಪಾನವನ್ನು, ಅಂದರೆ ಸೂರ್ಯಕಾಂತಿಯನ್ನು, ವರ್ಷಗಟ್ಟಲೆ ಬೆಳೆದ ಮನೆ. ಉತ್ತರ ಅಮೆರಿಕೆಯಲ್ಲಿ ಹುಟ್ಟಿದ ಈ ಗಿಡ ಹದಿನಾರನೆಯ ಶತಮಾನದಲ್ಲಿ ಯುರೋಪಿಗೆ ದಾಟಿ, ರಷ್ಯಾದಲ್ಲಿ ಎಣ್ಣೆಯ ಬೆಳೆಯಾಗಿ ಬೆಳೆದು, 1969ರಲ್ಲಿ ಅಲ್ಲಿಂದ ತರಿಸಿದ ತಳಿಗಳ ಮೂಲಕ ನಮ್ಮ ದೇಶದ ಹೊಲಗಳಿಗೆ ಎಣ್ಣೆಕಾಳಾಗಿ ಬಂದಿತು. ದೇಶದ ಮೊದಲ ಸೂರ್ಯಕಾಂತಿ ಸಂಕರ ತಳಿಯಾದ ಬಿಎಸ್‌ಎಚ್-1 ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಿಂದ 1980ರಲ್ಲಿ ಬಿಡುಗಡೆಯಾಯಿತೆಂಬುದು ನಮಗೆ ಹೆಮ್ಮೆಯ ವಿಷಯ. ಆ ಬಳಿಕ ಗದಗ, ಕೊಪ್ಪಳ, ರಾಯಚೂರು, ವಿಜಯಪುರ ಸೀಮೆಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಹಳದಿ ಹಾಸಿದ್ದ ಕಾಲವೊಂದಿತ್ತು. ಈಗ ಆ ಹೊಲಗಳ ಬಹುಪಾಲು ಮೆಕ್ಕೆಜೋಳಕ್ಕೂ ಕಡಲೆಗೂ ಸಂದಿದೆ. 2022ರಲ್ಲಿ ಉಕ್ರೇನಿನ ಯುದ್ಧ ಮೊದಲಾದಾಗ ನಮ್ಮ ಒಗ್ಗರಣೆಯ ಎಣ್ಣೆ ಎಲ್ಲಿಂದ ಬರುತ್ತಿದೆಯೆಂಬುದು ಎಲ್ಲ ಗೃಹಿಣಿಯರಿಗೂ ಬೆಲೆಯ ಮೂಲಕವೇ ಅರಿವಾಯಿತು. ಇರಲಿ, ಅದು ಬೇರೆ ಮಾತು.

ನನ್ನ ಸಂಕಲ್ಪಕ್ಕೆ ಮೊದಲ ವಿರೋಧ ಮನೆಯಲ್ಲಿಯೇ ಎದುರಾಯಿತು. ಮಾವನವರು ಎಂಬತ್ತು ದಾಟಿದವರು, ಮಿತಭಾಷಿಗಳು. "ಕಾಳು ಕಟ್ಟುವ ಮೊದಲೇ ತೆನೆ ಮುರಿಯುವುದು ಒಕ್ಕಲಿಗನ ಕೆಲಸವಲ್ಲ" ಎಂದಷ್ಟೇ ನುಡಿದು ಸುಮ್ಮನಾದರು. ಮಲ್ಲಿಗೆ, ಸೇವಂತಿಗೆಗಳಿಗೆ ಅವರ ಅಡ್ಡಿಯಿಲ್ಲ. ಆದರೆ ಸೂರ್ಯಪಾನ ಅವರ ಪಾಲಿಗೆ ಹೂವಲ್ಲ, ಧಾನ್ಯ. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ನನ್ನ ತಂಗಿಯ ಮಗಳ ನಿಶ್ಚಯ ಕಾರ್ಯ ಮಾರ್ಗಶಿರದಲ್ಲಿ ಗೊತ್ತಾಗಿದ್ದುದರಿಂದ, ವೇದಿಕೆಯ ಹೂವೆಲ್ಲ ನಮ್ಮ ಮನೆಯದೇ ಎಂದು ಬೀಗರ ಎದುರಿಗೆ ಮಾತು ಕೊಟ್ಟುಬಿಟ್ಟೆ.

ಮಾತು ಕೊಟ್ಟವಳು ಲೆಕ್ಕ ತಪ್ಪಿದೆ. ಎಣ್ಣೆಯ ತಳಿಯ ಬೀಜದ ಚೀಲದ ಮೇಲೆ 90 ದಿನಗಳೆಂದು ಬರೆದಿತ್ತು. ಕಾರ್ಯಕ್ಕೆ ಸರಿಯಾಗಿ 90 ದಿನ ಮುಂಚೆ ಎಲ್ಲ ಬೀಜವನ್ನೂ ಒಂದೇ ದಿನ ಊರಿದೆ. ಅದು ಕೊಯ್ಲಿನ ಅವಧಿ. ಹೂವು ಅರಳುವುದು ಅದಕ್ಕಿಂತ ಸುಮಾರು ಒಂದು ತಿಂಗಳು ಮೊದಲೇ ಎಂಬುದು ರೈತನ ಮನೆಯ ಸೊಸೆಯಾದ ನನಗೆ ಹೊಳೆಯಬೇಡವೇ? ಎರಡು ತಿಂಗಳಿಗೆ ಹಿತ್ತಲು ಹಿತ್ತಲೇ ಹಳದಿಯಾಯಿತು. ಒಂದೆರಡನ್ನು ಕೊಯ್ದು ಪೂಜಾಕೋಣೆಯಲ್ಲಿಟ್ಟರೆ ಅದರ ಪರಾಗ ಉದುರಿ ಪೂಜೆಯ ಬಿಳಿಯ ವಸ್ತ್ರಕ್ಕೆ ಅಂಟಿದ ಕಲೆ ಮೂರು ಒಗೆತಕ್ಕೂ ಹೋಗಲಿಲ್ಲ. ಕಾರ್ಯದ ದಿನಕ್ಕೆ ಪ್ರತಿಯೊಂದು ತೆನೆಯೂ ಕಾಳು ತುಂಬಿ ಕತ್ತು ಬಾಗಿಸಿ ನೆಲ ನೋಡುತ್ತಿತ್ತು. ಪೇಟೆಯಿಂದ ಸೇವಂತಿಗೆ ತರಿಸಿ ಮಾನ ಉಳಿಸಿಕೊಂಡೆವು. ಮಾವನವರು ಏನೂ ಅನ್ನದೆ ತೆನೆಗಳನ್ನು ಒಣಗಿಸಿ, ಬಡಿದು, ಕಾಳು ತೂರಿದರು. ಅವರ ಮುಖದಲ್ಲಿ ಸಣ್ಣ ನಗೆಯಿತ್ತೆಂದು ನನ್ನ ಅನುಮಾನ.

ಮದುವೆ ವೈಶಾಖಕ್ಕೆ ನಿಗದಿಯಾಗಿತ್ತು. ಕಳೆದುಕೊಂಡ ಮಾತನ್ನು ಮರಳಿ ಪಡೆಯಲು ಒಂದೇ ಅವಕಾಶ. ಈ ಸಲ ಓದಿ, ಕೇಳಿ ತಿಳಿದು ಕೆಲಸಕ್ಕೆ ಕೈ ಹಾಕಿದೆ. ಹೂದಾನಿಗೆಂದೇ ರೂಪಿಸಿದ ಸಂಕರ ತಳಿಗಳಿವೆ. ಜಪಾನಿನ ಸನ್‌ರಿಚ್, ಅಮೆರಿಕೆಯ ಪ್ರೊಕಟ್ ಮುಂತಾದವು. ಇವುಗಳ ವಿಶೇಷವೆಂದರೆ ಪರಾಗವೇ ಇಲ್ಲದಿರುವುದು. ಫ್ರಾನ್ಸಿನ ಲೆಕ್ಲೇರ್ ಎಂಬ ವಿಜ್ಞಾನಿ 1969ರಲ್ಲಿ ಕಾಡು ಸೂರ್ಯಕಾಂತಿಯೊಡನೆ ಬೆರಸಿದ ಸಂತತಿಯಲ್ಲಿ ಪರಾಗ ಕಟ್ಟದ ಗಿಡವನ್ನು ಗುರುತಿಸಿದರು. ಎಣ್ಣೆಯ ಸಂಕರ ತಳಿಗಳಲ್ಲಿ ಪರಾಗಶಕ್ತಿಯನ್ನು ಮರಳಿಸುವ ಗುಣವುಳ್ಳ ತಂದೆಗಿಡವನ್ನು ಬಳಸುತ್ತಾರೆ, ಕಾಳು ಕಟ್ಟಬೇಕಲ್ಲ! ಹೂದಾನಿಯ ತಳಿಗಳಲ್ಲಿ ಆ ಗುಣವಿಲ್ಲದ ತಂದೆಯನ್ನು ಬಳಸುವುದರಿಂದ ಹೂವು ಬಟ್ಟೆಗೆ ಕಲೆ ಮಾಡದು, ಹೆಚ್ಚು ದಿನವೂ ಬಾಳುವುದು. ಕೊರತೆಯೂ ಉಂಟು. ಬೀಜ ಕೂಡಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬಾರದು. ಪ್ರತಿ ಸಲ ಕೊಳ್ಳಲೇಬೇಕು. ಜೇನಿಗೂ ಮಕರಂದ ದೊರೆತೀತೇ ಹೊರತು ಪರಾಗ ದೊರೆಯದು. ಆದುದರಿಂದ ಪಕ್ಕದಲ್ಲಿ ಒಂದು ಸಾಲು ಸಾಮಾನ್ಯ ಸೂರ್ಯಕಾಂತಿಯನ್ನೂ ಹಾಕುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಈ ಗಿಡದ ತಾಯಿಬೇರು ನೇರವಾಗಿ ಆಳಕ್ಕಿಳಿಯುವಂಥದು. ಸಸಿ ಮಾಡಿ ಕಿತ್ತು ನೆಡುವುದಕ್ಕಿಂತ ಇರುವಲ್ಲಿಯೇ ಬಿತ್ತುವುದು ಲೇಸು. ಹದವಾದ ನೆಲದಲ್ಲಿ ಎರಡು-ಮೂರು ಸೆಂಟಿಮೀಟರ್ ಆಳಕ್ಕೆ ಬೀಜವನ್ನು ಊರಿದರೆ ವಾರದೊಳಗೆ ಮೊಳಕೆ ಕಾಣುವುದು. ಅಳಿಲು, ಗುಬ್ಬಿಗಳು ಎಳೆಯ ಸಸಿಯನ್ನೇ ಚಿವುಟುತ್ತವೆ. ಎರಡು ಜೊತೆ ಎಲೆ ಬರುವವರೆಗೆ ಬಿದಿರಿನ ಬುಟ್ಟಿ ಬೋರಲು ಹಾಕಿದರೆ ಸಾಕು. ಔಷಧ ಲೇಪಿಸಿದ ಬಣ್ಣದ ಬೀಜವಾದರೆ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಸೂರ್ಯಕಾಂತಿ ಬೀಜವೆಂದರೆ ಮಕ್ಕಳು ಬಾಯಿಗೆ ಹಾಕಿಕೊಳ್ಳುವುದು ಸಹಜ.

ಅಂತರದ ವಿಷಯದಲ್ಲಿ ಹೊಲದ ನಿಯಮ ಇಲ್ಲಿ ತಲೆಕೆಳಗು. ಹೊಲದಲ್ಲಿ ಗಿಡಕ್ಕೆ ವಿಶಾಲವಾದ ಜಾಗ ಕೊಟ್ಟು ದೊಡ್ಡ ತೆನೆ ಬಯಸುತ್ತೇವೆ. ಹೂದಾನಿಗೆ ತಟ್ಟೆಯಗಲದ ತೆನೆ, ಒನಕೆಯಂಥ ದಂಟು ಏಕೆ ಬೇಕು? ಒಂಟಿ ದಂಟಿನ ತಳಿಗಳನ್ನು 15 ಸೆಂಟಿಮೀಟರಿಗೊಂದರಂತೆ ಒತ್ತೊತ್ತಾಗಿ ಬಿತ್ತಿದರೆ ಹಿಡಿಯಲ್ಲಿ ಹಿಡಿಯುವಂಥ ಹೂವು, ಬೆರಳಿನಷ್ಟು ದಪ್ಪದ ದಂಟು ಬರುತ್ತದೆ. ಗೊಬ್ಬರವೂ ಮಿತವಾಗಿರಲಿ. ಕವಲೊಡೆಯುವ ತಳಿಗಳಾದರೆ ಒಂದೂವರೆ-ಎರಡು ಅಡಿ ಬಿಟ್ಟು, ನಾಲ್ಕೈದು ಜೊತೆ ಎಲೆ ಬಂದಾಗ ತುದಿ ಚಿವುಟಬಹುದು. ಒಂಟಿ ದಂಟಿನದರ ತುದಿಯನ್ನು ಮಾತ್ರ ಚಿವುಟಬಾರದು. ಅದಕ್ಕಿರುವುದು ಒಂದೇ ಹೂವು.

ಹಿತ್ತಲ ಸುತ್ತಲಿನ ಕಾಂಗ್ರೆಸ್ ಕಸವನ್ನು ಮೊದಲೇ ಕಿತ್ತು ಹಾಕಿ. 1997ರಲ್ಲಿ ಬಾಗೇಪಲ್ಲಿಯ ಬಳಿ ಸೂರ್ಯಕಾಂತಿಗೆ ಮೊದಲು ಕಂಡ ನೆಕ್ರೋಸಿಸ್ ರೋಗ ಅನೇಕ ರೈತರನ್ನು ಈ ಬೆಳೆಯಿಂದ ದೂರ ಮಾಡಿತು. ಅದರ ವೈರಾಣು ಆ ಕಳೆಯ ಪರಾಗದ ಮೂಲಕ, ಥ್ರಿಪ್ಸ್ ಎಂಬ ನುಸಿಯ ನೆರವಿನಿಂದ ಹರಡುತ್ತದೆ. ಎಲೆ ಸುಟ್ಟಂತಾಗಿ ದಂಟು ಸೊಟ್ಟಗಾದ ಗಿಡ ಕಂಡರೆ ಕನಿಕರ ತೋರದೆ ಕೀಳಬೇಕು.

ಈ ಸಲ ಒಂದೇ ದಿನ ಬಿತ್ತಲಿಲ್ಲ. ಪೊಟ್ಟಣದಲ್ಲಿ ಹೇಳಿದ್ದು ಹೂವರಳಲು 55ರಿಂದ 60 ದಿನ. ಮದುವೆಗೆ 65, 58 ಮತ್ತು 51 ದಿನ ಮುಂಚೆ ಮೂರು ಪಾಲು ಮಾಡಿ ಬಿತ್ತಿದೆ. ಬಿಸಿಲು ಮುಂದಾದರೆ ಹೂವು ಬೇಗ, ಮೋಡ ಮುಸುಕಿದರೆ ತಡ. ಆ ಏರುಪೇರನ್ನು ಮೂರು ಪಾಲುಗಳು ತಾಳಿಕೊಳ್ಳುತ್ತವೆ. ಮೊದಲನೆಯದು ಬೇಗನೆ ಅರಳಿ ನೆರೆಮನೆಗಳಿಗೆ ಹೋಯಿತು. ನಡುವಿನದು ಮದುವೆಗೆ ಒದಗಿತು. ಮೂರನೆಯದರಲ್ಲಿಯೂ ಹದಿನೈದು ಹೂವು ಸಿಕ್ಕಿದವು.

ಕೊಯ್ಯುವ ಹದ ಮುಖ್ಯ. ಎಸಳುಗಳು ನಡುವಿನ ತಟ್ಟೆಯಿಂದ ಆಗತಾನೆ ಮೇಲೆದ್ದು, ಇನ್ನೂ ಪೂರ್ಣ ಬಿಚ್ಚದಿರುವಾಗಲೇ, ಬೆಳಗಿನ ತಂಪಿನಲ್ಲಿ ಕೊಯ್ಯಬೇಕು. ಕೊಡ ಹಿಡಿದೇ ಹಿತ್ತಲಿಗೆ ಹೋಗಿ, ಕೊಯ್ದ ಕೂಡಲೇ ನೀರಿಗಿಳಿಸಿ, ನೀರಿಗೆ ತಾಗುವ ಎಲೆಗಳನ್ನೆಲ್ಲ ತೆಗೆಯಬೇಕು. ಈ ದಂಟು ಬಹಳ ನೀರು ಕುಡಿಯುತ್ತದೆ, ಬೇಗ ನೀರನ್ನು ಕೊಳೆಸುತ್ತದೆ. ದಿನವೂ ನೀರು ಬದಲಿಸಿ ದಂಟಿನ ತುದಿಯನ್ನು ಚೂರು ಕತ್ತರಿಸಿದರೆ ವಾರ ಬಾಳುವುದು. ಸಕ್ಕರೆ, ಮಾತ್ರೆ ಯಾವುದೂ ಬೇಡ, ಪಾತ್ರೆ ಚೊಕ್ಕಟವಾಗಿದ್ದರಾಯಿತು.

ಪೂಜೆಗೆ ಸಲ್ಲುವುದೇ ಎಂದು ಕೆಲವು ಸೋದರಿಯರು ಕೇಳಿದ್ದುಂಟು. ಸಲ್ಲದೆ ಏನು? ಆದರೆ ಕರಸ್ಥಲದ ಇಷ್ಟಲಿಂಗಕ್ಕೆ ಅಂಗೈಯನ್ನೇ ಮುಚ್ಚುವ ಹೂವು ಏತಕ್ಕೆ? ನಾನು ಎರಡು ಎಸಳನ್ನಷ್ಟೇ ಏರಿಸುತ್ತೇನೆ.

ಮದುವೆಯ ಮುನ್ನಾದಿನ ಬೆಳಗಿನ ಐದೂವರೆಗೆ ಕೊಡ ಹಿಡಿದು ಹೊರಟಾಗ ಮಾವನವರು ಅದಾಗಲೇ ಹಿತ್ತಲ ಕಟ್ಟೆಯ ಮೇಲೆ ಕುಳಿತಿದ್ದರು. ಮೊಗ್ಗಿನಲ್ಲಿರುವಾಗ ಸೂರ್ಯನ ಹಿಂದೆ ತಿರುಗುವ ಈ ಗಿಡ ಅರಳಿದ ಮೇಲೆ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಹಗಲು ದಂಟಿನ ಪೂರ್ವದ ಬದಿ, ಇರುಳು ಪಶ್ಚಿಮದ ಬದಿ ಬೆಳೆಯುವುದೇ ತಿರುಗುವಿಕೆಗೆ ಕಾರಣವೆಂದೂ, ಪೂರ್ವಕ್ಕೆ ನಿಂತ ಹೂವು ಬೆಳಗ್ಗೆ ಬೇಗ ಬೆಚ್ಚಗಾಗಿ ಹೆಚ್ಚು ಜೇನನ್ನು ಸೆಳೆಯುವುದೆಂದೂ 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಅದನ್ನು ಓದಿ ಹೇಳಿದಾಗ ಮಾವನವರು, "ಹೌದು, ಜೇನು ಸಾಲದಿದ್ದಾಗ ನಾವು ಕೈಗೆ ಬಟ್ಟೆ ಸುತ್ತಿಕೊಂಡು ತೆನೆಯಿಂದ ತೆನೆಗೆ ಸವರುತ್ತಿದ್ದುದೂ ಬೆಳಗ್ಗೆಯೇ" ಎಂದರು. ಆಮೇಲೆ ಕೈ ಚಾಚಿ, "ಇದು ಬೇಡ, ಇನ್ನೂ ಎಳೆಯದು, ಅದನ್ನು ಕೊಯ್ಯಿ" ಎಂದು ಒಂದೊಂದಾಗಿ ತೋರಿಸುತ್ತ ಹೋದರು. ಒಂದು ಷರತ್ತನ್ನೂ ಹಾಕಿದರು: ಜೇನಿಗೆಂದು ಹಾಕಿದ ಸಾಲನ್ನು ಯಾರೂ ಮುಟ್ಟಕೂಡದು.

ವೇದಿಕೆಯಲ್ಲಿ ಹಾಳೆಯಿಲ್ಲ, ಪಟ್ಟಿಯಿಲ್ಲ. ಹಿತ್ತಾಳೆಯ ಕೊಡಗಳಲ್ಲಿ ನೀರು ತುಂಬಿ ಹೂವು ನಿಲ್ಲಿಸಿದೆವು. ಅಯ್ಯನವರಿಗೂ ಬೀಗರಿಗೂ ಹಿರಿಯರಿಗೂ ಒಂದೊಂದು ದಂಟನ್ನು ದಾರದಲ್ಲಿ ಎರಡು ಬಿಲ್ವದಳ ಕಟ್ಟಿ ಕೊಟ್ಟೆವು. ದಾಸೋಹ ಮುಗಿಸಿ ಹೊರಡುವಾಗ ಬಂಧುಗಳು ಕೊಡದಲ್ಲಿ ಉಳಿದುದನ್ನೂ ಕೇಳಿ ಒಯ್ದರು. ಸಂಜೆ ಗುಡಿಸುವಾಗ ಬುಟ್ಟಿಗೆ ಬಿದ್ದದ್ದು ಒಂದಿಷ್ಟು ಎಲೆ ಮಾತ್ರ.

ಜೇನಿನ ಸಾಲು ಜೇಷ್ಠದ ಮೊದಲ ಮಳೆಯವರೆಗೂ ನಿಂತಿತ್ತು. ಅರ್ಧ ಗಿಳಿಗಳ ಪಾಲಾಯಿತು. ಉಳಿದ ಕಾಳನ್ನು ಮಾವನವರು ಬೂದಿ ಬೆರಸಿ ಗಡಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಟ್ಟದ ಮೇಲೆ ಇರಿಸಿದ್ದಾರೆ.