ಅಟ್ ನಗುವೋ, ವಿತ್ ನಗುವೋ?

ಮುಂಡರಗಿಯಿಂದ ಓದುಗ ಮಿತ್ರರೊಬ್ಬರು ಕಾರ್ಡು ಗೀಚಿದ್ದಾರೆ. "ಸಾರ್, ಇಂಗ್ಲಿಷಿನ್ಯಾಗ ಲಾಫ್ ಅಟ್ ಅಂದ್ರೇನು, ಲಾಫ್ ವಿತ್ ಅಂದ್ರೇನು? ಎರಡೂ ನಗೂದ ಅಲ್ಲೇನ್ರಿ?"

ಭಲೆ ಮಿತ್ರಾ! ನೀವು ಕೇಳಿದ್ದು ವ್ಯಾಕರಣದ ಪ್ರಶ್ನೆ. ಆದರೆ ಅದರ ಹೊಟ್ಟೆಯೊಳಗೆ ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮಂದಿಯ ಮಾನದ ಪ್ರಶ್ನೆಯೂ ಕೂತಿದೆ. ಹೇಗೆ ಅಂತೀರಾ? ತಡೀರಿ, ಒಂದೊಂದೇ ರೀಲು ಬಿಡೋಣ.

ಮೊದಲು ನಗುವಿನ ಜಾತಕ. ಸ್ಮೈಲ್ ಅಂದರೆ ಮುಗುಳ್ನಗೆ, ನಾಯಕಿ ಮೊದಲ ಭೇಟಿಯಲ್ಲಿ ನಾಯಕನಿಗೆ ಕೊಡುವ ಸಾಲ. ಗ್ರಿನ್ ಅಂದರೆ ಹಲ್ಲು ಕಿರಿಯುವುದು. ಗಿಗಲ್ ಅಂದರೆ ಕಿಲಕಿಲ. ಚಕಲ್ ಅಂದರೆ ತನ್ನಷ್ಟಕ್ಕೆ ತಾನು ಗಂಟಲಲ್ಲೇ ನಕ್ಕೊಳ್ಳೋದು. ಸ್ನಿಗರ್ ಅಂದರೆ ಮುಸಿಮುಸಿ, ಇದರಾಗ ಸ್ವಲ್ಪ ವಿಷ ಐತಿ. ಗಫಾ ಅಂದರೆ ಗಹಗಹಿಸೋ ನಗು. ವಜ್ರಮುನಿ ಪರದೆ ಮೇಲೆ ಕಣ್ಣರಳಿಸಿ ನಕ್ಕರೆ ಹಿಂದಿನ ಸಾಲಿನವನೂ ನೆಟ್ಟಗೆ ಕೂಡುತ್ತಿದ್ದನಲ್ಲ, ಅದೇ!

ಇನ್ನು ನುಡಿಗಟ್ಟು. ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಇಂಗ್ಲಿಷರಿಗೆ ನೋವು ಬರೋದು ಪಕ್ಕೆಗೆ. ಅದಕ್ಕೇ ಅವರು 'ಇನ್ ಸ್ಟಿಚಸ್' ಅಂತಾರೆ. ಇಲ್ಲಿ ಸ್ಟಿಚ್ ಅಂದರೆ ದರ್ಜಿಯ ಹೊಲಿಗೆಯಲ್ಲ, ಪಕ್ಕೆ ಹಿಡಿಯುವ ನೋವು. ನಾವು ಒಳಗೊಳಗೇ ನಕ್ಕರೆ ಅವರು ಅಂಗಿಯ ತೋಳಿನೊಳಗೆ ನಗುತ್ತಾರೆ, 'ಲಾಫ್ ಅಪ್ ಯುವರ್ ಸ್ಲೀವ್'. ನಮ್ಮ ನಗೆಪಾಟಲು ಅವರಿಗೆ 'ಲಾಫಿಂಗ್ ಸ್ಟಾಕ್'. ಭಾಷೆ ಬೇರೆ, ಹಲ್ಲು ಮೂವತ್ತೆರಡೇ.

ಈಗ ನಿಮ್ಮ ಪ್ರಶ್ನೆ. ಒಬ್ಬನ ಕಡೆ ಬೆರಳು ಮಾಡಿ ನಕ್ಕರೆ ಲಾಫ್ ಅಟ್. ಅವನ ಹೆಗಲ ಮೇಲೆ ಕೈ ಹಾಕಿ ಕೂಡಿ ನಕ್ಕರೆ ಲಾಫ್ ವಿತ್. ಇಷ್ಟು ಸಣ್ಣ ಶಬ್ದ, ಆದರೆ ರಾಜ್ಯವನ್ನೇ ಉರುಳಿಸುತ್ತೆ. ಮಯಸಭೆಯಲ್ಲಿ ಕೌರವ ಬಿದ್ದಾಗ ದ್ರೌಪದಿ ನಕ್ಕಳು, ಅದಕ್ಕೇ ಕುರುಕ್ಷೇತ್ರ ಆಯಿತು ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಕುಮಾರವ್ಯಾಸ ನಮ್ಮ ಗದುಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಅಂತಾರಲ್ಲ, ಈ ಪಾಠ ನಮಗೆ ಹೊಸದಲ್ಲ.

ಜರ್ಮನಿಯ ಮುರ್ನೌ 1924ರಲ್ಲಿ ಒಂದು ಮೂಕಿ ಚಿತ್ರ ತೆಗೆದ. ಇಂಗ್ಲಿಷಿನಲ್ಲಿ ಅದರ ಹೆಸರು 'ದಿ ಲಾಸ್ಟ್ ಲಾಫ್', ಕೊನೆಯ ನಗು. ದೊಡ್ಡ ಹೋಟೆಲಿನ ಬಾಗಿಲು ಕಾಯುವ ಮುದುಕ. ಜರಿ ಗುಂಡಿಯ ಕೋಟೇ ಅವನ ಮರ್ಯಾದೆ. ವಯಸ್ಸಾಯಿತು ಅಂತ ಕೋಟು ಕಿತ್ಕೊಂಡು ಶೌಚಾಲಯದ ಕೆಲಸಕ್ಕೆ ಹಾಕುತ್ತಾರೆ. ನಿನ್ನೆ ಸಲಾಮು ಹೊಡೆದ ವಠಾರವೇ ಇವತ್ತು ಅವನನ್ನು ನೋಡಿ ನಗುತ್ತೆ. ಎಮಿಲ್ ಯಾನಿಂಗ್ಸ್ ಬೆನ್ನು ಬಗ್ಗಿಸಿ ನಡೆಯೋದನ್ನ ನೋಡಿದರೆ, ಒಂದು ಮಾತಿಲ್ಲದೆಯೂ, ಎದಿ ಝಲ್ ಅಂತದ. ಲಾಫ್ ಅಟ್ ಅಂದರೆ ಅದು.

ಲಾಫ್ ವಿತ್‌ಗೆ ನಮ್ಮಲ್ಲೇ ಗುರು ಇದ್ದರು: ನರಸಿಂಹರಾಜು. ಡಾ. ರಾಜ್ ನಾಯಕರಾದ 1954ರ 'ಬೇಡರ ಕಣ್ಣಪ್ಪ'ವೇ ಇವರಿಗೂ ಮೊದಲ ಚಿತ್ರ. ತಮ್ಮ ಸಣಕಲು ಮೈ, ಉಬ್ಬು ಹಲ್ಲು, ಇವನ್ನೇ ಬಂಡವಾಳ ಮಾಡಿಕೊಂಡರು. ತಾವೇ ಮೊದಲು ತಮ್ಮನ್ನು ನೋಡಿ ನಕ್ಕು, ಆಮೇಲೆ ನಮ್ಮನ್ನು ಕರೆದರು. 1979ರಲ್ಲಿ ಅವರು ಹೋದಾಗ ಅತ್ತವರೆಲ್ಲ ಅವರೊಂದಿಗೆ ನಕ್ಕವರೇ.

ಈಗ ನಮ್ಮ ಮಾನದ ಮಾತು. ಬಹಳ ವರ್ಷ ನಮ್ಮ ಚಿತ್ರಗಳಲ್ಲಿ ಒಂದು ಚಾಳಿ ಇತ್ತು. ನಾಯಕ 'ಏನು, ಹೇಗಿದ್ದೀಯ' ಅಂದರೆ ಪ್ರೀತಿ, ಯಾರೋ ಒಬ್ಬ 'ಏನಲೇ, ಹ್ಯಾಂಗದಿ' ಅಂದರೆ ಹಾಸ್ಯ! ಜೋಕು ಇರಲಿ ಬಿಡಲಿ, ನಮ್ಮ ಮಾತೇ ಜೋಕು. ಆ ಸೀನಿಗೆ ನಮ್ಮೂರ ಟಾಕೀಸಿನಲ್ಲಿ ನಾವೂ ಸೀಟಿ ಹೊಡೆದು ನಕ್ಕಿದ್ದುಂಟು. ಅದು ಅಟ್ ನಗುವೋ, ವಿತ್ ನಗುವೋ? ನೀವೇ ಹೇಳ್ರಿ.

ನಕ್ಕವರಿಗೆ ಒಂದು ಸಂಗತಿ ಗೊತ್ತಿರಲಿ. 9ನೇ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಅಂತ ಊರು ಹೆಸರು ಹಿಡಿದು ಹೇಳಿದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವೆ. ಕಿಸುವೊಳಲು ಅಂದರೆ ಪಟ್ಟದಕಲ್ಲು, ಕೊಪಣ ಅಂದರೆ ಕೊಪ್ಪಳ. ಪುಲಿಗೆರೆ ಯಾವುದು? ನಮ್ಮ ಲಕ್ಷ್ಮೇಶ್ವರ! ಗದಗ ಸರೀ ನಡುವೆ ಕೂತಿದೆ. ಒಂದು ಕಾಲಕ್ಕೆ ತಿರುಳಾಗಿದ್ದದ್ದು ಸಿನಿಮಾದವರ ಕೈಯಲ್ಲಿ ಸಿಪ್ಪೆಯಾಯಿತು.

ಆದರೆ ಕೊನೆಯ ನಗು ಅಂತ ಒಂದಿದೆಯಲ್ಲ! 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. 1997ರಲ್ಲಿ ಅವರದೇ 'ನಾಗಮಂಡಲ' ಬಂತು. ಅದಕ್ಕೆ ಮಾತು ಬರೆದವರು ಗೋಪಾಲ ವಾಜಪೇಯಿ, ನಮ್ಮ ಕಡೆಯವರೇ. ಅಲ್ಲಿ ನಮ್ಮ ಮಾತಿನಲ್ಲಿ ಪ್ರಕಾಶ್ ರೈ ಪ್ರೀತಿ ಮಾಡಿದರು, ವಿಜಯಲಕ್ಷ್ಮಿ ಅತ್ತರು. ಯಾರೂ ನಗಲಿಲ್ಲ. 'ಹ್ಯಾಂಗದಿ' ಅನ್ನೋ ಮಾತಿಗೂ ಕಣ್ಣೀರು ತರಿಸೋ ತಾಕತ್ತು ಐತಿ ಅಂತ ಪರದೆಯ ಮೇಲೇ ಸಾಬೀತಾಯಿತು.

ಅದಕ್ಕೇ ತಮ್ಮಗಳಿರಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಇಂಟರ್‌ವ್ಯೂಗೆ ಹೋದಾಗ ಯಾರಾದರೂ ನಿಮ್ಮ ಮಾತು ಕೇಳಿ ಮುಸಿಮುಸಿ ಅಂದರೆ ನಾಲಿಗೆ ಮುದುರಿಕೊಳ್ಳಬೇಡಿ. ಇಂಗ್ಲಿಷ್ ಕಲೀರಿ, ಹೊಟ್ಟೆಪಾಡಿಗೆ ಬೇಕು. ಆದರೆ ತಿರುಳು ಬಿಟ್ಟು ಸಿಪ್ಪೆ ಹಿಡೀಬ್ಯಾಡ್ರಿ. ಮತ್ತೆ, ನೀವೂ ಯಾರದೋ ತೊದಲು ಮಾತಿಗೆ, ಕುಂಟು ಕಾಲಿಗೆ ಟಾಕೀಸಿನಲ್ಲಿ ನಗೋ ಮೊದಲು ಒಂದು ಸಲ ಪಕ್ಕದ ಸೀಟು ನೋಡ್ರಿ. ಅಂಥವನೊಬ್ಬ ಅಲ್ಲೇ ಕೂತಿರಬಹುದು. ಅವನೂ ನಗತಿದ್ದರೆ ನಗ್ರಿ.

ಮುಂದಿನ ವಾರ: ಇಂಗ್ಲಿಷಿನ ಕಣ್ಣೀರು. ಮೊಸಳೆದೂ ಸೇರಿಸಿ!