ಸಾಂಯಾತ್ರಿಕರು

ಕಳೆದ ತಿಂಗಳು ಇದೇ ಪುಟದಲ್ಲಿ ನಮ್ಮ ಮನೆಯ ಗೋಡೆ ಗಡಿಯಾರದ ವಿಚಾರವಾಗಿ ನಾನು ಬರೆದುದನ್ನು ಓದಿ, ವಾಚಕ ಸೋದರಿಯೊಬ್ಬರು “ಮೇಷ್ಟರೆ, ತಾವು ಮನೆಯ ಹೊಸ್ತಿಲನ್ನು ದಾಟುವುದೇ ಇಲ್ಲವೆ?” ಎಂದು ಕಾಗದ ಬರೆದಿದ್ದಾರೆ. ದಾಟಿದ್ದೇನೆ, ತಾಯಿ. ಹೊಸ್ತಿಲನ್ನಷ್ಟೇ ಅಲ್ಲ, ಒಮ್ಮೆ ಸಮುದ್ರವನ್ನೂ ದಾಟಿದ್ದೇನೆ. ಆದರೆ ಯಾತ್ರೆಯ ಕಥೆಗಿಂತಲೂ, ಯಾತ್ರೆಗೆ ಮುಂಚೆ ನಾವು ಕಾದುಕೊಂಡಿದ್ದ ಮೂರು ತಿಂಗಳ ಕಥೆಯೇ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿರುವುದರಿಂದ, ಈ ಸಲ ಅದನ್ನೇ ಅರಿಕೆ ಮಾಡುತ್ತೇನೆ.

ನಾನು ನಿವೃತ್ತನಾದ ವರುಷದ ಕಾರ್ತಿಕ ಮಾಸದಲ್ಲಿ ನಮ್ಮ ಬೀದಿಯ ಮಹನೀಯರೊಬ್ಬರು, ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದು ವಿಶ್ರಾಂತಿ ಪಡೆದವರು, ಲಕ್ಷದ್ವೀಪಕ್ಕೆ ಒಂದು ತಂಡವನ್ನು ಕೂಡಿಸಿದರು. ಕೊಚ್ಚಿಯಲ್ಲಿ ಹಡಗನ್ನೇರುವುದು, ರಾತ್ರಿಗಳನ್ನು ಹಡಗಿನಲ್ಲಿಯೇ ಕಳೆಯುವುದು, ಹಗಲಿನಲ್ಲಿ ಕಲ್ಪೇನಿ, ಕವರತ್ತಿ, ಮಿನಿಕಾಯ್ ಎಂಬ ದ್ವೀಪಗಳಲ್ಲಿ ದಿನಕ್ಕೊಂದರಂತೆ ಇಳಿದು, ಸಂಜೆಗೆ ಹಡಗಿಗೆ ಮರಳುವುದು. ಒಟ್ಟು 5 ದಿನಗಳ ಪ್ರವಾಸ. ತಂಡದಲ್ಲಿ 22 ಮಂದಿ. ಅವರಲ್ಲಿ ನನಗೆ ಗುರುತಿದ್ದವರು ನಾಲ್ವರೋ ಐವರೋ.

ನನಗೆ ಸಮುದ್ರದ ಹಂಬಲವೇನೂ ಇರಲಿಲ್ಲ. ಹಂಬಲವಿದ್ದುದು ನನ್ನ ಗೃಹಿಣಿಗೆ. ಅದಕ್ಕೊಂದು ಕಾರಣವೂ ಉಂಟು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ದ್ವೀಪಗಳು ಒಂದು ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವೆಂಬುದನ್ನು ಇಂದಿನವರು ಮರೆತಿದ್ದಾರೆ. ಟಿಪ್ಪು ಸುಲ್ತಾನನ ಕೈಯಲ್ಲಿದ್ದ ಅವು 1799ರಲ್ಲಿ ಆತನ ಪತನವಾದ ಮೇಲೆ ಕಂಪೆನಿಯವರ ವಶಕ್ಕೆ ಬಂದು, ಮಂಗಳೂರಿನ ಕಲೆಕ್ಟರರ ಆಡಳಿತದಲ್ಲಿ ಉಳಿದುವು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ತಂದು ಕೊಟ್ಟು ಅಕ್ಕಿಯನ್ನು ಒಯ್ಯುತ್ತಿದ್ದರು. 1956ನೆಯ ನವೆಂಬರ್ 1ರಂದು, ಎಂದರೆ ಕನ್ನಡ ನಾಡು ಒಂದಾದ ದಿನವೇ, ಆ ದ್ವೀಪಗಳು ನಮ್ಮ ಜಿಲ್ಲೆಯನ್ನು ಬಿಟ್ಟು ಕೇಂದ್ರಾಡಳಿತಕ್ಕೆ ಹೋದುವು. ನನ್ನ ಮಾವನವರು ಅದಕ್ಕೆ ಹಿಂದಿನ ವರುಷ ಮಂಗಳೂರಿನ ಕಚೇರಿಯಲ್ಲಿ ಎಳೆಯ ಗುಮಾಸ್ತರಾಗಿದ್ದವರು, ಸರಕಾರಿ ಕೆಲಸದ ಮೇಲೆ ಹಾಯಿಯ ಓಡದಲ್ಲಿ ಅಮೀನಿಗೆ ಹೋಗಿ ಬಂದಿದ್ದರಂತೆ. ಬಳಿಕ ಅವರು ಮೈಸೂರಿಗೆ ವರ್ಗವಾಗಿ ಬಂದು, ಜೀವಮಾನವೆಲ್ಲ ಕಡತಗಳ ನಡುವೆ ಕುಳಿತರು. ಮಗಳಿಗೆ ರಾತ್ರಿ ಊಟದ ಹೊತ್ತಿನಲ್ಲಿ ಹೇಳುತ್ತಿದ್ದುದು ಮಾತ್ರ ಆ ಒಂದೇ ಪ್ರಯಾಣದ ಕಥೆ: ಹಾರುವ ಮೀನುಗಳು, ದಂಡೆಯೊಳಗಿನ ತಿಳಿನೀರಿನ ಬಣ್ಣ, ಕತ್ತಲೆಯಲ್ಲಿ ಹಗ್ಗಗಳು ನರಳುವ ಸದ್ದು. ನಮ್ಮ ಪ್ರವಾಸದಲ್ಲಿ ಅಮೀನಿ ಇರಲಿಲ್ಲವೆಂದು ನಾನು ಎಚ್ಚರಿಸಿದಾಗ, ಆಕೆ “ನೀರು ಅದೇ ತಾನೆ?” ಎಂದಳು.

ಗುಮಾಸ್ತರು ಎಲ್ಲರ ಮೊಬೈಲುಗಳನ್ನೂ ಸೇರಿಸಿ ಒಂದು ಬಳಗವನ್ನು ಮಾಡಿದರು. ಭಾನುವಾರ ಸಂಜೆ ಮಾತ್ರ ಯಾರಾದರೊಬ್ಬರ ಮನೆಯಲ್ಲಿ ಕಾಫಿಯ ನೆಪದಿಂದ ಮುಖಾಮುಖಿಯಾಗಿ ಸೇರುವುದೆಂದು ಗೊತ್ತಾಯಿತು. ಅಯ್ಯಾ, ಆ ಮಾತಿನ ಪ್ರವಾಹವನ್ನು ಏನೆಂದು ಬಣ್ಣಿಸಲಿ! ಬೆಳಗಿನ ಜಾವ 5 ಗಂಟೆಗೆ ಒಬ್ಬರು ಅರಬ್ಬೀ ಸಮುದ್ರದ ಅಂದಿನ ಹವೆಯನ್ನು ಬಿತ್ತರಿಸುವರು. ನಾವು ಹೊರಡುವುದಕ್ಕೆ ಇನ್ನೂ ಆರು ವಾರಗಳಿರುವಾಗ ಅಂದಿನ ಅಲೆಯ ಎತ್ತರದಿಂದ ನಮಗೇನು? ಹಡಗಿನಲ್ಲಿ ಮೊಸರನ್ನ ಸಿಕ್ಕುವುದೆ, ಎಂದೊಬ್ಬರು. ಓಕರಿಕೆಗೆ ಶುಂಠಿಯೊ, ನಿಂಬೆಯೊ, ಮಾತ್ರೆಯೊ, ಎಂದು ಎರಡು ದಿನ ವಾದ ನಡೆದು, ಮಾತ್ರೆಯನ್ನು ಸಂಕಟ ಬಂದ ಮೇಲಲ್ಲ, ಹಡಗನ್ನೇರುವ ಮೊದಲೇ ನುಂಗಬೇಕೆಂದು ನಿವೃತ್ತ ದಾದಿಯೊಬ್ಬರು ತೀರ್ಪಿತ್ತರು. ಮಿನಿಕಾಯಿಯಲ್ಲಿ ಮಲಯಾಳ ಸಾಕೆ, ಎಂಬ ಪ್ರಶ್ನೆಗೆ ಉತ್ತರ ಹೇಳುವ ಭಾಗ್ಯ ನನ್ನದಾಯಿತು. ಅಲ್ಲಿಯವರ ಮನೆಮಾತು ಮಹಲ್. ಮಾಲ್ಡೀವಿನ ಭಾಷೆಗೆ ಸೇರಿದುದು. ಅದರ ಲಿಪಿಯನ್ನು ಬಲದಿಂದೆಡಕ್ಕೆ ಬರೆಯುತ್ತಾರೆ. ಇಷ್ಟನ್ನು ಬರೆದು, 1885ರಲ್ಲಿ ಕಟ್ಟಿದ ಅಲ್ಲಿಯ ದೀಪಸ್ತಂಭದ ವಿಚಾರವನ್ನೂ ಎರಡು ವಾಕ್ಯ ಸೇರಿಸಿದೆನು. ಮೇಷ್ಟರಿಗೆ ಪಾಠ ಹೇಳುವುದಕ್ಕೆ ತರಗತಿ ಸಿಕ್ಕಿತೆಂದು ನನ್ನಾಕೆ ನಕ್ಕಳು. ಮೊಮ್ಮಗನಿಗೆ ಒಂದು ತುಂಡು ಹವಳ ತರಬೇಕೆಂದಿದ್ದ ಅಜ್ಜನವರಿಗೆ, ಹವಳವನ್ನು ಮುಟ್ಟಿ ತರುವುದು ಅಪರಾಧವೆಂದು ದಾದಿಯವರೇ ತಿಳಿಸಿದರು. ಇನ್ನೊಬ್ಬ ಗೃಹಸ್ಥರು ಮಾತ್ರ ಮೂರು ತಿಂಗಳೂ ಏನೊಂದನ್ನೂ ಬರೆಯದೆ, ಸರ್ವಪ್ರಶ್ನೆಗಳಿಗೂ ಕೈಮುಗಿದ ಚಿತ್ರವನ್ನೇ ಕಳುಹುತ್ತಿದ್ದರು.

ಇಲ್ಲಿ ಸ್ವಲ್ಪ ಸಂಸ್ಕೃತದ ಚಪಲವನ್ನು ವಾಚಕರು ಕ್ಷಮಿಸಬೇಕು. ಹಡಗಿನ ವರ್ತಕನಿಗೆ ಅಮರಸಿಂಹನು ಕೊಡುವ ಹೆಸರು ‘ಸಾಂಯಾತ್ರಿಕ’. ಸಂಯಾತ್ರೆಯೆಂದರೆ ಕೂಡಿ ಹೋಗುವುದು. ಭೂಮಿಯ ಮೇಲೆ ಒಬ್ಬನೇ ನಡೆಯಬಹುದು; ನೀರಿನ ಮೇಲೆ ಒಬ್ಬನೇ ಹೋಗುವುದೆಂತು? ಬೌಧಾಯನರು ದ್ವಿಜನಿಗೆ ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದ್ದಾರೆ. ಅಲ್ಲಿಯೂ ಅವರು ಬಳಸುವ ಪದ ‘ಸಮುದ್ರಸಂಯಾನ’. ನಿಷೇಧಿಸುವಾಗಲೂ ‘ಸಂ’ ಎಂಬ ಉಪಸರ್ಗವನ್ನು ಅವರು ಬಿಡಲಿಲ್ಲ. ನನ್ನ ಅಜ್ಜ ಬದುಕಿದ್ದರೆ ಈ ಯಾತ್ರೆಗೆ ಒಪ್ಪುತ್ತಿರಲಿಲ್ಲವೆಂಬುದು ನಿಶ್ಚಯ. ಆದರೆ ದೀರ್ಘಕಾಲ ಸಂಸ್ಕೃತವನ್ನು ಓದಿಸಿದ ನನಗೆ ಪಾತಕಕ್ಕಿಂತ ಪದವೇ ಹೆಚ್ಚು ಹಿಡಿಸಿತು.

ಅಲ್ಲಿಗೆ ಹೊರಗಿನವರು ಹೋಗಬೇಕಾದರೆ 1967ರ ನಿಯಮಗಳಂತೆ ಅನುಮತಿಪತ್ರ ಬೇಕು. ಅದಕ್ಕೆ ಪೊಲೀಸರಿಂದ ಸಚ್ಚಾರಿತ್ರ್ಯದ ಪತ್ರವನ್ನು ತರಬೇಕೆಂದು ನಮಗೆ ಹೇಳಿದ್ದರು. ಮೂವತ್ತು ವರುಷಕ್ಕೂ ಮೀರಿ ಇತರರ ಮಕ್ಕಳಿಗೆ ನಡತೆಯ ಪ್ರಮಾಣಪತ್ರ ಬರೆದು ಕೊಟ್ಟವನು, ಮೊತ್ತಮೊದಲು ನನ್ನ ನಡತೆಯ ಪತ್ರಕ್ಕಾಗಿ ಠಾಣೆಯ ಬೆಂಚಿನ ಮೇಲೆ ಕುಳಿತೆನು. ಅಲ್ಲಿಯ ಅಧಿಕಾರಿ ನನ್ನ ಹಳೆಯ ಶಿಷ್ಯ. “ಸಾರ್, ನನಗೆ ನೀವು ‘ತೃಪ್ತಿಕರ’ ಎಂದು ಬರೆದಿದ್ದಿರಿ, ನಾನು ‘ಉತ್ತಮ’ ಎಂದೇ ಬರೆಯುತ್ತೇನೆ” ಎಂದನು. ಆತನ ಜ್ಞಾಪಕಶಕ್ತಿ ವ್ಯಾಕರಣದ ತರಗತಿಯಲ್ಲಿ ಇಷ್ಟು ಚೆನ್ನಾಗಿರಲಿಲ್ಲ.

ಮಾರ್ಗಶಿರದಲ್ಲಿ ಹೊರಡಬೇಕಾಗಿದ್ದುದು ಪುಷ್ಯಕ್ಕೆ ಹೋಯಿತು, ಪುಷ್ಯದಿಂದ ಮಾಘಕ್ಕೆ. ದ್ವೀಪವಾಸಿಗಳಿಗೆ ಆ ಹಡಗುಗಳೇ ಬಸ್ಸು. ರೋಗಿಗಳೂ ವಿದ್ಯಾರ್ಥಿಗಳೂ ಅವುಗಳಲ್ಲಿಯೇ ಬಂದು ಹೋಗಬೇಕು. ನಮ್ಮಂತಹ ವಿನೋದಯಾತ್ರಿಕರ ಸರದಿ ಹಿಂದಾದರೆ ದೂರುವುದು ನ್ಯಾಯವಲ್ಲ. ಆದರೂ ಮಾತಿನ ಧಾಟಿ ಬದಲಾಯಿತು. ಹಣ ಹಿಂದಕ್ಕೆ ಬರುವುದೋ ಇಲ್ಲವೋ ಎಂಬ ಕಲಹದಲ್ಲಿ ಐದು ಮಂದಿ ತಂಡವನ್ನು ಬಿಟ್ಟರು. ಉಳಿದವರು 17.

ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಒಂದು ಚಲಚ್ಚಿತ್ರವನ್ನು ಬಳಗಕ್ಕೆ ಹಾಕಿದರು. ಹವಳದ ದಂಡೆಯೊಳಗೆ ನೀರು ಆಳವಿಲ್ಲದ ಕಾರಣ ದೊಡ್ಡ ಹಡಗು ಹೊರಗಡಲಿನಲ್ಲಿಯೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲಿಗೆ ಸಣ್ಣ ದೋಣಿ ಬಂದು ಹತ್ತುತ್ತದೆ. ಅಲೆಗೆ ಅದು ಆಳೆತ್ತರ ಏರಿ ಇಳಿಯುತ್ತಿರುವಾಗಲೇ ಪ್ರಯಾಣಿಕನು ಅದಕ್ಕೆ ಕಾಲಿಡಬೇಕು. ಇದನ್ನು ನೋಡಿದ ದಿನ ಬಳಗದಲ್ಲಿ ಒಂದು ಅಕ್ಷರವೂ ಹುಟ್ಟಲಿಲ್ಲ. ಕೈಮುಗಿಯುವವರೂ ಕೈಮುಗಿಯಲಿಲ್ಲ.

ನನ್ನಾಕೆಗೆ ಮೊಣಕಾಲಿನ ನೋವು ಹಳೆಯದು. ಹಿಂದಿನ ವರುಷ ಬಚ್ಚಲ ಮನೆಯ ಮೆಟ್ಟಿಲಲ್ಲಿ ಜಾರಿ ಮುಂಗೈ ಮೂಳೆಯನ್ನೂ ಮುರಿದುಕೊಂಡಿದ್ದಳು. ಆ ರಾತ್ರಿ ಅವಳು ನಿದ್ರಿಸಿದ ಮೇಲೆ, ನಮ್ಮಿಬ್ಬರ ಸ್ಥಾನಗಳನ್ನು ಬಿಟ್ಟುಕೊಡುವುದಾಗಿ ಗುಮಾಸ್ತರಿಗೆ ಒಂದು ಪತ್ರ ಬರೆದೆನು. ಕಾರಣವಾಗಿ ನನ್ನ ರಕ್ತದೊತ್ತಡವನ್ನು ಮುಂದೊಡ್ಡಿದೆನು. ಸುಳ್ಳನ್ನು ಬರೆಯುವಾಗ ಅಕ್ಷರ ದುಂಡಗಾಗುತ್ತದೆಂದು ಆಗ ಕಂಡುಕೊಂಡೆ. ಬೆಳಿಗ್ಗೆ ಮೇಜಿನ ಮೇಲೆ ಕಾಫಿಯನ್ನಿಡಲು ಬಂದವಳು ಆ ಕಾಗದವನ್ನು ಓದಿದಳು. ಸಿಟ್ಟಾಗಲಿಲ್ಲ. “ನನ್ನ ಕಾಲನ್ನು ಕೇಳದೆ ಬರೆದಿರಲ್ಲಾ!” ಎಂದಳಷ್ಟೆ. ಆ ದಿನ ಮಧ್ಯಾಹ್ನ ಅವಳು ಊಟಕ್ಕೆ ನನ್ನೊಡನೆ ಕೂಡಲಿಲ್ಲ. ನಲವತ್ತು ವರುಷಗಳ ಸಂಸಾರದಲ್ಲಿ ಅವಳ ಪರವಾಗಿ ನಾನು ಎಷ್ಟು ಕಾಗದಗಳನ್ನು ಹೀಗೆ ಬರೆದಿರಬಹುದೆಂದು ಲೆಕ್ಕ ಹಾಕಲು ಹೋಗಿ, ಲೆಕ್ಕವನ್ನು ನಡುವೆಯೇ ಬಿಟ್ಟೆನು.

ನಮ್ಮ ತಂಡದಲ್ಲಿ ಮಲ್ಪೆಯ ಕಡೆಯ ಹೆಂಗಸೊಬ್ಬರಿದ್ದರು, ಎಪ್ಪತ್ತರ ಸಮೀಪದವರು. ಮೀನುಗಾರರ ಮನೆತನ, ಬಂದರಿನಲ್ಲಿ ಬುಟ್ಟಿ ಹೊತ್ತು ಮಕ್ಕಳನ್ನು ಓದಿಸಿದವರು, ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿ ವಾಸ. ಬರೆಯಲು ಬಾರದೆ ಮೊಬೈಲಿನಲ್ಲಿ ಮಾತನ್ನೇ ತುಂಬಿ ಕಳುಹುತ್ತಿದ್ದರು. ಅವರೊಡನೆ ಒಂದೇ ಪಂಕ್ತಿಯಲ್ಲಿ ಕೂಡುವ ವಿಚಾರವಾಗಿ ತಂಡದ ಒಬ್ಬಿಬ್ಬರು ಮೊದಮೊದಲು ಗೊಣಗಿದ್ದುದೂ ಉಂಟು. ಅವರ ಪೈಕಿ ನಾನಿರಲಿಲ್ಲವೆಂದು ಹೇಳಿಕೊಳ್ಳಬಲ್ಲೆ. ಆದರೆ ಗೊಣಗಿದವರಿಗೆ ಎದುರಾಡಿದವನೂ ನಾನಲ್ಲ. ಆ ಭಾನುವಾರದ ಕೂಟ ನಮ್ಮ ಮನೆಯಲ್ಲಿ. ನನ್ನಾಕೆ ಎಲ್ಲರ ಮುಂದೆಯೇ, “ಅಕ್ಕಾ, ನನ್ನ ಕಾಲು ದೋಣಿಗೆ ಆಗುವುದೋ ಇಲ್ಲವೋ, ನೀವು ಹೇಳಬೇಕು” ಎಂದಳು.

ಅವರು ನನ್ನಾಕೆಯ ಕಾಲನ್ನು ನೋಡಲಿಲ್ಲ. ನಮ್ಮ ನಡುಮನೆಯ ತೂಗುಮಣೆಯನ್ನು ನೋಡಿದರು. ಗುಮಾಸ್ತರ ಸಹಾಯದಿಂದ ಸರಪಳಿಯ ಕೊಕ್ಕೆಗಳನ್ನು ಇಳಿಸಿ, ಮಣೆ ನೆಲದಿಂದ ಒಂದು ಗೇಣು ಎತ್ತರದಲ್ಲಿರುವಂತೆ ಮಾಡಿದರು.

“ನೋಡಿ ಅಮ್ಮ, ಸಮುದ್ರ ಮೇಲೆ ಕೆಳಗೆ ತೂಗ್ತದೆ, ಇದು ಹಿಂದೆ ಮುಂದೆ. ಲೆಕ್ಕ ಒಂದೇ. ದೋಣಿ ಬರ್ತದೆ, ಬಂದು ಒಂದು ಗಳಿಗೆ ನಿಲ್ತದೆ, ಮತ್ತೆ ಹೋಗ್ತದೆ. ಹೋಗುವ ದೋಣಿಗೆ ಕಾಲು ಇಡ್ಲಿಕ್ಕೆ ಹೋಗ್ಬಾರ್ದು. ನಿಂತಾಗ ಇಡ್ಬೇಕು. ಕೈ ಖಾಲಿ ಇರ್ಬೇಕು. ಕಲಾಸಿಯ ಬೆರಳು ಹಿಡಿಯುವುದಲ್ಲ, ತೋಳು ಹಿಡೀಬೇಕು. ಇಟ್ಟ ಕೂಡಲೇ ಕೂತುಬಿಡಿ. ನಿಂತು ಸಮುದ್ರದ ಚಂದ ನೋಡ್ಲಿಕ್ಕೆ ಆಮೇಲೆ ಆಗ್ತದೆ.”

ಗುಮಾಸ್ತರೂ ಹವೆಯ ಮಹನೀಯರೂ ಮಣೆಯನ್ನು ಎರಡು ಕಡೆಯಿಂದ ಹಿಡಿದು ಮೆಲ್ಲಗೆ ತೂಗಿದರು. ಮೊದಲ ಸಲ ನನ್ನಾಕೆ ಅವಸರಪಟ್ಟಳು. ಎರಡನೆಯ ಸಲ ತಡಮಾಡಿದಳು. ಮಲ್ಪೆಯಕ್ಕನ ತೋಳಿನಲ್ಲಿ ಅವಳ ಉಗುರಿನ ಗುರುತು ಮೂಡಿದುದನ್ನು ನಾನು ಕಂಡೆ. ಐದನೆಯದೋ ಆರನೆಯದೋ ಸಲಕ್ಕೆ ಕಾಲಿಟ್ಟು ಥಟ್ಟನೆ ಕುಳಿತಳು. ಬಳಿಕ ಅಲ್ಲಿದ್ದ ಹೆಂಗಸರೆಲ್ಲರೂ ಸರದಿಯ ಮೇಲೆ ಏರಿದರು. ಗಂಡಸರು ನಕ್ಕು, ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದುಕೊಂಡು ಜಗಲಿಗೆ ಬಂದೆವು. ನಾಲ್ಕು ವಾರ ಹೀಗೆಯೇ ನಡೆಯಿತು. ನಾನು ಬರೆದ ಕಾಗದವನ್ನು ನನ್ನಾಕೆ ಹರಿಯಲಿಲ್ಲ. ಪಂಚಾಂಗದ ನಡುವೆ ಮಡಿಸಿಟ್ಟಳು.

ಮಾಘದಲ್ಲಿ ಒಂದು ದಿನ ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ 17 ಮಂದಿಯೂ ಗಂಟುಗಳೊಡನೆ ಕುಳಿತೆವು. ಬಂದರನ್ನು ಆಳ ಮಾಡಿದಾಗ ತೆಗೆದ ಮಣ್ಣಿನಿಂದ ಬ್ರಿಸ್ಟೋ ಎಂಬ ಇಂಜಿನಿಯರರು ಮಾಡಿದ ನೆಲವದು; ಈ ಸಂಗತಿಯನ್ನು ಹೇಳಲು ನಾನು ಬಾಯಿ ತೆರೆದೆ, ಆದರೆ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಮೂರು ತಿಂಗಳು ಎಡೆಬಿಡದೆ ಮಾತಾಡಿದವರು ಹಡಗು ಕಂಡೊಡನೆ ಮೂಕರಾದರು. ಕೈಮುಗಿಯುವ ಗೃಹಸ್ಥರು ಮಾತ್ರ ಎಲ್ಲರಿಗೂ ಒಂದೊಂದು ಶುಂಠಿ ಪೆಪ್ಪರಮೆಂಟು ಹಂಚಿ, “ಹೆದರಬೇಡಿ, ನನಗೂ ಹೆದರಿಕೆಯಾಗುತ್ತಿದೆ” ಎಂದರು. ಅವರ ಧ್ವನಿಯನ್ನು ನಾವು ಕೇಳಿದುದು ಅದೇ ಮೊದಲು.

ಮರುದಿನ ಹಡಗು ಕಲ್ಪೇನಿಯ ಮುಂದೆ ನಿಂತಿತು. ಪಕ್ಕದ ಬಾಗಿಲು ತೆರೆಯಿತು. ದೋಣಿ ಏರಿತು, ಇಳಿಯಿತು. ನನ್ನಾಕೆ ನನ್ನ ಮುಂದಿದ್ದಳು. ಒಂದು ಏರಿಕೆಯನ್ನು ಬಿಟ್ಟಳು, ಎರಡನೆಯದನ್ನೂ ಬಿಟ್ಟಳು, ಮೂರನೆಯದಕ್ಕೆ ಕಲಾಸಿಯ ತೋಳನ್ನು ಹಿಡಿದು ಕಾಲಿಟ್ಟು ಕುಳಿತಳು. ಎಲ್ಲ ಒಂದು ಕ್ಷಣದಲ್ಲಿ ಮುಗಿಯಿತು. ಅವಳನ್ನೇ ನೋಡುತ್ತಿದ್ದ ನಾನು, ಬಗಲಲ್ಲಿ ಛತ್ರಿಯನ್ನೂ ಕೈಯಲ್ಲಿ ಪುಸ್ತಕದ ಚೀಲವನ್ನೂ ಹಿಡಿದುಕೊಂಡು, ಹೋಗುವ ದೋಣಿಗೆ ಕಾಲು ನೀಡಿದೆ. ಇಬ್ಬರು ಕಲಾಸಿಗಳು ನನ್ನನ್ನು ಅಕ್ಕಿಯ ಮೂಟೆಯಂತೆ ಎತ್ತಿ ದೋಣಿಯಲ್ಲಿಟ್ಟರು. ಮೊಣಕಾಲಿನ ಕೆಳಗೆ ನಾಲ್ಕು ಬೆರಳುದ್ದ ಚರ್ಮ ಹೋಯಿತು. ಛತ್ರಿ ಸಮುದ್ರರಾಜನಿಗೆ ಅರ್ಪಣವಾಯಿತು.

“ಮಾಸ್ಟ್ರೆ, ನೀವು ಮಣೆಗೆ ಹತ್ತಲೇ ಇಲ್ಲ ಅಲ್ವಾ?” ಎಂದರು ಮಲ್ಪೆಯಕ್ಕ.

ದೋಣಿ ದಂಡೆಯನ್ನು ದಾಟಿ ಒಳಗಿನ ತಿಳಿನೀರಿಗೆ ಬಂದಾಗ ನನ್ನಾಕೆ ಕೈಯನ್ನು ಹೊರಚಾಚಿ ನೀರಿಗೆ ತಾಗಿಸಿದಳು. ದಡ ಸಿಕ್ಕುವವರೆಗೆ ಅದನ್ನು ತೆಗೆಯಲಿಲ್ಲ. ನಾನೂ ಏನನ್ನೂ ಕೇಳಲಿಲ್ಲ. 1847ರ ಬಿರುಗಾಳಿ ಆ ದ್ವೀಪದ ಮೂಡಣ ದಡದಲ್ಲಿ ಎತ್ತಿ ಹಾಕಿದ ಹವಳದ ಕಲ್ಲುರಾಶಿಗಳನ್ನು ಮಧ್ಯಾಹ್ನ ಎಲ್ಲರೂ ನೋಡಲು ಹೋದರು. ನಾನು ತೆಂಗಿನ ಮರದ ಕೆಳಗೆ ಕಾಲನ್ನು ನೀಡಿಕೊಂಡು, ದಾದಿಯವರಿಂದ ಪಟ್ಟಿ ಕಟ್ಟಿಸಿಕೊಂಡೆನು.

ಊರಿಗೆ ಬಂದ ಮೇಲೆ ತೂಗುಮಣೆಯನ್ನು ಮೊದಲಿನ ಎತ್ತರಕ್ಕೆ ಏರಿಸುತ್ತೇನೆಂದೆ. “ಇರಲಿ, ಅಕ್ಕನಿಗೆ ಕೂಡಲು ಅನುಕೂಲ” ಎಂದಳು. ಭಾನುವಾರದ ಕಾಫಿ ಇಂದಿಗೂ ನಿಂತಿಲ್ಲ. ಮಲ್ಪೆಯಕ್ಕ ಬಂದಾಗ ಇಬ್ಬರೂ ಅದರ ಮೇಲೆ ಕುಳಿತು ತೂಗಿಕೊಳ್ಳುತ್ತಾ ಮಾತಾಡುತ್ತಾರೆ. ನಾನು ಎದುರಿಗೆ ಚಾಪೆಯ ಮೇಲೆ.